ಚುಕ್ಕಿ ಹತ್ತರಲ್ಲಿ ಯಾರಿದ್ದಾರೆ?

ಇವತ್ತು ಬೆಳಗ್ಗೆ ಬೈಕಂಪಾಡಿಯ ಆಫೀಸಿಗೆ ಬಂದು ಲ್ಯಾಪ್‌ಟಾಪಿಗೆ ಕೇಬಲ್ ಚುಚ್ಚಿದೆ. ನೆಟ್ ಇಲ್ಲ. ಕೇಬಲ್ ಕಿತ್ತು, ತುದಿಗೆ ಊದಿ, ಮತ್ತೆ ಚುಚ್ಚಿದೆ. ಊದಿದರೆ ಏನೂ ಆಗುವುದಿಲ್ಲ ಅಂತ ಗೊತ್ತು, ಆದರೆ ಊದದೆ ಸಮಾಧಾನ ಇಲ್ಲ. ಪಕ್ಕದ ಟೇಬಲಿನವರಿಗೆಲ್ಲ ನೆಟ್ ಉಂಟು. ಆನ್‌ಲೈನ್ ಮೀಟಿಂಗ್ ಶುರುವಾಗಿ ಹತ್ತು ನಿಮಿಷ ಕಳೆದ ಮೇಲೆ ಹೊಳೆಯಿತು: ನಾನು ಮಾತ್ರ ಬೈಕಂಪಾಡಿಗೆ ಬಂದಿದ್ದೇನೆ, ಲ್ಯಾಪ್‌ಟಾಪ್ ಇನ್ನೂ ಮಲ್ಪೆಯ ಐಸ್ ಪ್ಲಾಂಟಿನಲ್ಲೇ ಇದೆ.

ನನ್ನದು ಮಷೀನುಗಳ ಕಂಟ್ರೋಲ್ ಪ್ಯಾನೆಲ್ ನೋಡಿಕೊಳ್ಳುವ ಕೆಲಸ. ಸೋಮವಾರ ಗೋಡಂಬಿ ಫ್ಯಾಕ್ಟರಿ, ಮಂಗಳವಾರ ಹಂಚಿನ ಗೂಡು, ಬುಧವಾರ ಐಸ್. ಹೋದಲ್ಲೆಲ್ಲ ಆ ಮಷೀನಿನ ಜಾತಿಗೆ ತಕ್ಕ ಐಪಿ ವಿಳಾಸವನ್ನು ಲ್ಯಾಪ್‌ಟಾಪಿಗೆ ಕೈಯಾರೆ ಕೊಡಬೇಕು. ಮಷೀನು 192.168.3.1 ಆದರೆ ನನ್ನದೂ 192.168.3 ಅಂತಲೇ ಶುರುವಾಗಬೇಕು, ಕೊನೆಯ ನಂಬರ್ ಮಾತ್ರ ಬೇರೆ. ಕೆಳಗೆ 255.255.255.0. ಅಂದರೆ ಮೊದಲ ಮೂರು ಸಂಖ್ಯೆ ಊರು, ಕೊನೆಯದ್ದು ಮನೆ. ಊರು ಒಂದೇ ಆದರೆ ಮಾತುಕತೆ, ಇಲ್ಲದಿದ್ದರೆ ಮುಖ ಕೂಡ ನೋಡುವುದಿಲ್ಲ. ಈ ವ್ಯವಸ್ಥೆ ಮಾಡಿದವರು ನಮ್ಮ ಕಡೆಯ ಯಾವುದಾದರೂ ಮದುವೆ ಮನೆಯಲ್ಲಿ ಊಟಕ್ಕೆ ಕೂತಿದ್ದರೋ ಏನೋ.

ಕೆಲಸ ಮುಗಿದ ಮೇಲೆ ಮತ್ತೆ ‘ತಾನಾಗಿ ವಿಳಾಸ ಪಡೆ’ ಅನ್ನುವ ಚುಕ್ಕಿ ಒತ್ತಬೇಕು. ಅದು ನೆನಪಿರುವುದಿಲ್ಲ. ಅದಕ್ಕೆಂದೇ ಒಂದು ಭಾನುವಾರ ಪೂರ್ತಿ ಕೂತು ‘ಗೋಡಂಬಿ’, ‘ಹಂಚು’, ‘ಐಸ್’, ‘ಆಫೀಸ್’ ಅಂತ ನಾಲ್ಕು ಬ್ಯಾಚ್ ಫೈಲ್, ಅಂದರೆ ವಿಳಾಸ ಬದಲಿಸುವ ಆಜ್ಞೆ ಬರೆದಿಟ್ಟ ಸಣ್ಣ ಫೈಲುಗಳು, ಮಾಡಿಟ್ಟಿದ್ದೇನೆ. ಎರಡು ಸಲ ಕ್ಲಿಕ್ ಮಾಡಿದರೆ ಕಪ್ಪು ಕಿಟಕಿಯೊಂದು ಮಿಂಚಿ ಮಾಯವಾಗುತ್ತದೆ, ವಿಳಾಸ ಬದಲಾಯಿತು ಅಂತ ನಾವು ನಂಬುತ್ತೇವೆ. ಬದಲಾಗಿರುವುದಿಲ್ಲ. ರೈಟ್ ಕ್ಲಿಕ್ ಮಾಡಿ ‘ಅಡ್ಮಿನಿಸ್ಟ್ರೇಟರ್ ಆಗಿ ನಡೆಸು’ ಅಂತ ಹೇಳಬೇಕಿತ್ತು. ಹೇಳದಿದ್ದರೆ ಕೆಲಸ ಮಾಡುವುದಿಲ್ಲ, ಮಾಡಲಿಲ್ಲ ಅಂತ ತಿಳಿಸುವಷ್ಟು ಹೊತ್ತು ನಿಲ್ಲುವುದೂ ಇಲ್ಲ. ಬಿಲ್ ಪಾಸ್ ಮಾಡಿಸಲು ಹೋದಾಗ ಇಂಥವರನ್ನು ಬೇಕಾದಷ್ಟು ನೋಡಿದ್ದೇನೆ.

ಈಗ ನಿನ್ನೆಯ ಕಥೆ. ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ಜೂನ್ 1ರಿಂದ 61 ದಿನ ರಜೆ, ಆಗಸ್ಟಿನಲ್ಲಿ ಬೋಟುಗಳು ಇಳಿದವೆಂದರೆ ಮಲ್ಪೆಯಲ್ಲಿ ಐಸಿಗೆ ನೂಕುನುಗ್ಗಲು. ಅಂಥ ಹೊತ್ತಿಗೇ ಇವರ ಪ್ಯಾನೆಲ್ ಕೈಕೊಟ್ಟಿತ್ತು. ಜೋರು ಮಳೆ, ಕಂಪ್ರೆಸರಿನ ಗುಡುಗು, ಅಮೋನಿಯಾದ ಸಣ್ಣ ಘಾಟು. ಪ್ಯಾನೆಲ್ ಬಾಗಿಲಿನ ಒಳಗೆ ಯಾರೋ ಬಾಲ್‌ಪೆನ್ನಿನಲ್ಲಿ ಬರೆದಂಟಿಸಿದ ಚೀಟಿ ತೇವಕ್ಕೆ ಹರಡಿಕೊಂಡಿತ್ತು. ಮೂರನೆಯ ಸಂಖ್ಯೆ ಮೂರೋ ಎಂಟೋ ತಿಳಿಯಲಿಲ್ಲ.

ಅಲ್ಲಿನ ಸೂಪರ್‌ವೈಸರ್ ಅಣ್ಣನನ್ನು ಕೇಳಿದೆ. ಅವರು ಚೀಟಿ ನೋಡಲಿಲ್ಲ, ನನ್ನನ್ನು ನೋಡಿದರು.

“ಇಲ್ಲ್ ಓಲು?”

ಮನೆ ನಿಟ್ಟೆ ಕಡೆ ಅಂದೆ. “ನಿಟ್ಟೆಯಲ್ಲಿ ಎಲ್ಲಿ?” ಅಂದರು. ನಾನು 192 ಒತ್ತಿದೆ. “ದೇವಸ್ಥಾನದಿಂದ ಮೇಲೆಯಾ ಕೆಳಗೆಯಾ?” 168 ಒತ್ತಿದೆ. “ಅಲ್ಲಿ ನನ್ನ ದೊಡ್ಡಮ್ಮನ ಮಗಳನ್ನು ಕೊಟ್ಟದ್ದು ಮಾರಾಯ್ರೆ. ನಿಮ್ಮದು ಯಾವ ಪೋಸ್ಟು?” ನಿಟ್ಟೆಯೇ, ಕಾರ್ಕಳ, 574110 ಅಂತ ಬಾಯಿ ಹೇಳುವಾಗ ಬೆರಳೂ ಅದನ್ನೇ ಒತ್ತಿತು. 574 ಸರಿಯಾದ ಸಂಖ್ಯೆ ಅಲ್ಲ, 0ಯಿಂದ 255ರ ಒಳಗೆ ಕೊಡಿ ಅಂತ ವಿಂಡೋಸ್ ಗದರಿತು. ಅಣ್ಣ ಬಗ್ಗಿ ಸ್ಕ್ರೀನ್ ನೋಡಿ, “ಕಾರ್ಕಳ ಆಗುದಿಲ್ವಂತಾ?” ಅಂದರು.

ದೊಡ್ಡಮ್ಮನ ಮಗಳ ಗಂಡ ನನಗೂ ಗುರುತಿನವರು ಅಂತ ತೀರ್ಮಾನವಾದ ಮೇಲೆಯೇ ಬಾಯಿ ಬಿಟ್ಟದ್ದು: “ಅದು ಮೂರು. ಎಂಟಲ್ಲ. ಬರೆದದ್ದು ನಾನೇ.”

ಹಾಗಾದರೆ ನಾನು ಕೊನೆಗೆ ಯಾವ ನಂಬರ್ ಹಾಕಲಿ, ಇಲ್ಲಿ ಬೇರೆ ಏನಾದರೂ ಕನೆಕ್ಟ್ ಉಂಟಾ ಅಂತ ಕೇಳಿದೆ. “ಎಂತದೂ ಇಲ್ಲ, ಮಷೀನ್ ಒಂದೇ. ಹತ್ತು ಹಾಕಿ, ಹತ್ತು ಒಳ್ಳೆದು.” ಹಾಕಿದೆ. ಈ ವಿಳಾಸದಲ್ಲಿ ಆಗಲೇ ಬೇರೆಯವರಿದ್ದಾರೆ ಅಂತ ವಿಂಡೋಸ್ ಹೇಳಿತು.

ಅಣ್ಣ ಒಪ್ಪಲಿಲ್ಲ. ಹದಿನೇಳು ವರ್ಷದಿಂದ ಇಲ್ಲಿದ್ದೇನೆ, ನನಗೆ ಗೊತ್ತಿಲ್ಲದೆ ಯಾರು ಬರುತ್ತಾರೆ ಅಂತ ವಾದ. ನಾನು 77 ಹಾಕಿಕೊಂಡು ಹತ್ತನ್ನು ಕರೆದೆ. ಗೂಟ ಹೊಡೆದ ಹಾಗೆ ಉತ್ತರ ಬಂತು. ಬ್ರೌಸರಿನಲ್ಲಿ ತೆರೆದರೆ ಕ್ಯಾಮರಾ, ಪಾಸ್‌ವರ್ಡ್ ಕೇಳುತ್ತಿದೆ. ಇಬ್ಬರೂ ಕೇಬಲಿನ ಜಾಡು ಹಿಡಿದು ಹೊರಟೆವು. ಅದು ಗೋಡೆ ಹತ್ತಿ, ತೊಲೆ ದಾಟಿ, ಮೂಲೆಯ ಜೇಡರ ಬಲೆಯ ಹಿಂದೆ ನಿಂತಿತ್ತು. ಅಣ್ಣ ಅದರ ಮುಖ ಯಾವ ಕಡೆಗಿದೆ ಅಂತ ಲೆಕ್ಕ ಹಾಕಿದರು. ಧಣಿಗಳು ಯಾವಾಗಲೋ ಹಾಕಿಸಿದ್ದ ಆ ಕ್ಯಾಮರಾ ನೇರ ನೋಡುತ್ತಿದ್ದದ್ದು ಗೋಡೆ ಬದಿಯ ಬೆಂಚನ್ನು. ಬೆಂಚಿನ ಮೇಲೆ ಒಂದು ದಿಂಬು, ಮಡಚಿಟ್ಟ ಬೈರಾಸು. ಆಮೇಲೆ ನನ್ನ ಊರಿನ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ.

ವಾಪಸು ಬರುವಾಗ ಪಡುಬಿದ್ರಿಯಲ್ಲಿ ಚಹಾಕ್ಕೆ ನಿಂತೆ. ನಿಟ್ಟೆಯ ಮನೆಗೆ ಈಗ ಬೀಗ. ಅಜ್ಜನ ಕಾಲದಲ್ಲಿ ಬರೀ ಮನೆಯ ಹೆಸರು, ಅಂಚೆ ನಿಟ್ಟೆ ಅಂತ ಬರೆದ ಕಾರ್ಡು ಬೊಂಬಾಯಿಯಿಂದ ಅಂಗಳಕ್ಕೇ ಬರುತ್ತಿತ್ತು. ಸುರತ್ಕಲ್ಲಿನ ನನ್ನ ಬಾಡಿಗೆ ಮನೆಗೆ ಬರುವ ಕೊರಿಯರಿನವ ಮೂರು ವರ್ಷವಾದರೂ ಗೇಟಿನಿಂದ ಫೋನ್ ಮಾಡಿ “ಸಾರ್, ಲೊಕೇಶನ್ ಕಳಿಸಿ” ಅನ್ನುತ್ತಾನೆ. ಚಹಾಕ್ಕೆ ಸಕ್ಕರೆ ಜಾಸ್ತಿಯಾಗಿತ್ತು.

ಮಲ್ಪೆಯಿಂದ ಹೊರಡುವ ಮೊದಲು ಅಲ್ಲೇ ‘ಆಫೀಸ್’ ಮೇಲೆ ಕ್ಲಿಕ್ ಮಾಡಿದ್ದೆ. ಕಪ್ಪು ಕಿಟಕಿ ಮಿಂಚಿದ್ದನ್ನೂ ಕಣ್ಣಾರೆ ನೋಡಿದ್ದೆ.

ಇವತ್ತು ಮೀಟಿಂಗಿನ ಅರ್ಧಕ್ಕೆ ಹೇಗೋ ಒಳಗೆ ನುಸುಳಿ ಮೈಕ್ ತೆರೆಯಬೇಕು ಅನ್ನುವಾಗ ಫೋನ್ ಬಂತು. ಅಣ್ಣ. ಸ್ವರ ತಗ್ಗಿಸಿದ್ದರು.

“ಸಾರ್, ಆ ಹತ್ತರವನನ್ನು ಎಂಟಕ್ಕೆ ಕಳಿಸ್ಲಿಕ್ಕೆ ಆಗ್ತದಾ? ಬೇರೆ ಊರಾದ್ರೆ ಮಾತಾಡುದಿಲ್ಲ ಅಂದ್ರಿಯಲ್ಲ.”