ಎಂಆರ್‌ಐ ಅಯಸ್ಕಾಂತ ‘ಆಫ್’ ಇರುವುದಿಲ್ಲ: ಸ್ಪಷ್ಟನೆ

‘ಸ್ಕ್ಯಾನ್ ಶುರುವಾಗುವ ತನಕ ಎಂಆರ್‌ಐ ಅಯಸ್ಕಾಂತ ಆಫ್ ಇರುತ್ತೆ, ಒಳಗೆ ಹೋಗಿ ಒಡವೆ ಬಿಚ್ಚಿದರೂ ನಡೆಯುತ್ತೆ’ ಎಂಬ ಮಾತು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು, ಅಪಾಯಕಾರಿ ಕೂಡ. ಬಹುತೇಕ ಯಂತ್ರಗಳಲ್ಲಿ ದ್ರವ ಹೀಲಿಯಂನಿಂದ ತಂಪಾಗಿಸಿದ ಆ ಅಯಸ್ಕಾಂತಕ್ಕೆ ಹಗಲೂ ರಾತ್ರಿ ಬಲವಿರುತ್ತದೆ. ಸದ್ದು ನಿಂತರೂ ಸೆಳೆತ ನಿಲ್ಲದು. 2018ರಲ್ಲಿ ಮುಂಬೈನ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಸಿಲಿಂಡರ್ ಹಿಡಿದು ಒಳಹೋದ ರೋಗಿಯ ಸಂಬಂಧಿಯೊಬ್ಬರು ಜೀವ ಕಳೆದುಕೊಂಡದ್ದು ಹೀಗೇ.

ದಯವಿಟ್ಟು ಹೊರಗಿನ ಕೋಣೆಯಲ್ಲೇ ಎಲ್ಲ ಬಿಚ್ಚಿಡಿ. ಒಡವೆ, ವಾಚು ನೆನಪಿರುತ್ತವೆ. ಮರೆಯುವುದು ಸೆರಗಿನ ಪಿನ್ನು, ಜಡೆಯ ಕ್ಲಿಪ್ಪು, ಉಡಿದಾರದ ತಾಯಿತ. ಜೊತೆಗೆ ಬಂದವರಿಗೂ ಇದೇ ನಿಯಮ. ಪೇಸ್‌ಮೇಕರ್, ಸ್ಟೆಂಟ್, ಮೂಳೆಗೆ ಹಾಕಿದ ರಾಡು ಇದ್ದರೆ ಮೊದಲೇ ಹೇಳಿ, ಅದರ ಕಾರ್ಡನ್ನೋ ಡಿಸ್ಚಾರ್ಜ್ ಚೀಟಿಯನ್ನೋ ತೋರಿಸಿ. ಎಷ್ಟೋ ಸಲ ಇವೆಲ್ಲ ಇದ್ದರೂ ಸ್ಕ್ಯಾನ್ ಮಾಡುತ್ತಾರೆ. ಅದನ್ನು ತೀರ್ಮಾನಿಸಬೇಕಾದವರು ರೇಡಿಯಾಲಜಿ ವಿಭಾಗದವರು.