ಬಿಸಿನೀರು ಸುರಿದರೆ ಕಾರಿನ ಡೆಂಟ್ ಹೋಗುತ್ತಾ?

ಡೆಂಟ್ ಮೇಲೆ ಕುದಿಯುವ ನೀರು ಸುರಿದು ಐಸ್ ಇಟ್ಟರೆ ಸಾಕು ಅನ್ನೋ ಫಾರ್ವರ್ಡ್ ಆಗಾಗ ಬರುತ್ತಿರುತ್ತದೆ. ಉಕ್ಕಿನ ಡೋರಿಗೆ ಇದನ್ನು ನಂಬಬೇಡಿ. 100 ಡಿಗ್ರಿಯಲ್ಲಿ ಪ್ಲಾಸ್ಟಿಕ್ ಬಂಪರ್ ಮೆತ್ತಗಾಗುತ್ತದೆ, ಉಕ್ಕು ಆಗುವುದಿಲ್ಲ.

ವಿಡಿಯೊ ಬಂದರೆ ಗಮನಿಸಿ: ಅದು ಬಂಪರಾ, ಡೋರಾ? ಹಿಂದಿನಿಂದ ಯಾರಾದರೂ ತಳ್ಳುತ್ತಿದ್ದಾರಾ? ನಿಮ್ಮ ಕಾರಿಗೆ ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಉಕ್ಕು. ಅಂಟದಿದ್ದರೆ ಪ್ಲಾಸ್ಟಿಕ್ಕೇ ಅಂತಲ್ಲ, ಅಲ್ಯೂಮಿನಿಯಂ ಇರಬಹುದು.

ನಿಜವಾದ ಕೆಲಸ ಇರೋದು ಒಳಮಗ್ಗುಲಲ್ಲಿ. ಡೋರ್ ಟ್ರಿಮ್ (ಡೋರಿನ ಒಳಬದಿಯ ಹೊದಿಕೆ) ಬಿಚ್ಚಿ, ಅದರ ಹಿಂದಿನ ಪ್ಲಾಸ್ಟಿಕ್ ಹಾಳೆ ಸರಿಸಿ, ಉದ್ದನೆಯ ಸಲಾಕೆ ತೂರಿಸಿ ತಗಡನ್ನು ಸ್ವಲ್ಪ ಸ್ವಲ್ಪವೇ ಒತ್ತುತ್ತಾರೆ. ತಾಳ್ಮೆಯ ಕೆಲಸ ಅಲ್ವಾ! ಕೆಲವೆಡೆ ಎರಡು ಪದರ ತಗಡು ಇದ್ದು ಸಲಾಕೆಯೇ ಹೋಗಲ್ಲ. ಆಗ ಹೊರಗಿನಿಂದ ಅಂಟು ಹಚ್ಚಿ ಎಳೆಯುತ್ತಾರೆ. ಟ್ರಿಮ್ ಹಿಂದಿನ ಆ ಪ್ಲಾಸ್ಟಿಕ್ ಹಾಳೆಯನ್ನು ಮತ್ತೆ ಸರಿಯಾಗಿ ಅಂಟಿಸದಿದ್ದರೆ ಮಳೆನೀರು ಕಾರಿನೊಳಗೆ ಬರುತ್ತದೆ.