ವಸ್ತುಸಂಗ್ರಹಾಲಯವೂ ಗ್ರಂಥಾಲಯವೂ ಜೊತೆ ಸೇರಬೇಕೇ?

ಪರ: ಊರಿನ ಕಲ್ಲು ಊರಿನವರಿಗೆ ಓದಲು ಸಿಗಲಿ
(ನಿವೃತ್ತ ಶಿಕ್ಷಕ, ಸೊರಬ)

ಸೊರಬದ ಕಡೆ ಮೇಷ್ಟ್ರಾಗಿದ್ದಾಗ ಏಳನೇ ತರಗತಿ ಮಕ್ಕಳನ್ನು ಶಿವಮೊಗ್ಗಕ್ಕೆ ಪ್ರವಾಸ ಕರೆದುಕೊಂಡು ಹೋಗಿದ್ದೆ. ಶಿವಪ್ಪ ನಾಯಕನ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಸಿಕ್ಕಿದ್ದು ಅರ್ಧ ಗಂಟೆ. ಬಸ್ಸಿನವರು ಅವಸರ ಮಾಡುತ್ತಿದ್ದರು. ಒಬ್ಬ ಹುಡುಗಿ ಮಾತ್ರ ವೀರಗಲ್ಲಿನ ಮುಂದೆ ನಿಂತೇ ಬಿಟ್ಟಳು. ಕೆಳಗೆ ಯುದ್ಧ. ನಡುವೆ ಸತ್ತ ವೀರನನ್ನು ಅಪ್ಸರೆಯರು ಒಯ್ಯುತ್ತಿದ್ದಾರೆ. ಮೇಲೆ ಶಿವಲಿಂಗದ ಎದುರು ಅವನು ಕೂತಿದ್ದಾನೆ.

"ಸಾರ್, ನಮ್ಮ ತೋಟದ ಬದಿಯಲ್ಲೂ ಇಂಥದ್ದೇ ಅಡ್ಡ ಬಿದ್ದಿದೆ. ಅಮ್ಮ ಅದರ ಮೇಲೆ ಬಟ್ಟೆ ಒಗೀತಾರೆ. ಅದರಲ್ಲಿ ಏನು ಬರ್ದಿದಾರೆ?" ಅಂದಳು.

ನನಗೆ ಗೊತ್ತಿರಲಿಲ್ಲ. ಊರಿಗೆ ಬಂದು ಗ್ರಂಥಾಲಯದಲ್ಲಿ ಹುಡುಕಿದೆ. ದಿನಪತ್ರಿಕೆ, ಕಾದಂಬರಿ ಬಿಟ್ಟರೆ ಏನೂ ಇರಲಿಲ್ಲ. ಎಷ್ಟೋ ವರ್ಷದ ಮೇಲೆ ತಿಳಿಯಿತು: ಬ್ರಿಟಿಷರ ಕಾಲದಲ್ಲಿ ಮೈಸೂರು ಸಂಸ್ಥಾನದ ಪುರಾತತ್ವ ಅಧಿಕಾರಿಯಾಗಿದ್ದ ಬಿ.ಎಲ್. ರೈಸ್ ನಮ್ಮ ಜಿಲ್ಲೆಯ ಶಾಸನಗಳನ್ನು ಊರೂರಿನ ಹೆಸರು ಹಾಕಿ 1902 ಮತ್ತು 1904ರಲ್ಲೇ ಅಚ್ಚು ಹಾಕಿಸಿದ್ದರು. 'ಎಪಿಗ್ರಾಫಿಯಾ ಕರ್ನಾಟಿಕಾ'ದ 7 ಮತ್ತು 8ನೇ ಸಂಪುಟಗಳು. ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳು ಎಂಟನೆಯದರಲ್ಲಿವೆ. ಶಾಸನದ ಪಾಠ ಕನ್ನಡ ಅಕ್ಷರದಲ್ಲೇ ಇದೆ. ಅಷ್ಟರಲ್ಲಿ ಆ ಹುಡುಗಿ ಓದು ಮುಗಿಸಿ ಊರು ಬಿಟ್ಟಾಗಿತ್ತು. ಆ ಸಂಕಟ ನನಗೆ ಇವತ್ತಿಗೂ ಇದೆ.

ಕಲ್ಲು ಪುರಾತತ್ವ ಇಲಾಖೆಯದು. ಪಟ್ಟಣದ ಪುಸ್ತಕ ಗ್ರಂಥಾಲಯ ಇಲಾಖೆಯದು. ಹಳ್ಳಿ ಗ್ರಂಥಾಲಯಗಳು 2019ರಿಂದ ಗ್ರಾಮೀಣಾಭಿವೃದ್ಧಿ ಇಲಾಖೆಯವು. ಮೂವರೂ ಒಂದು ಮೇಜಿನ ಸುತ್ತ ಕೂರದೇ ಇದ್ದರೆ ಮಗುವಿನ ಪ್ರಶ್ನೆಗೆ ಉತ್ತರ ಹೇಳುವವರು ಯಾರು? ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಪ್ರತಿ ಪಂಚಾಯ್ತಿಯ ಗ್ರಂಥಾಲಯದಲ್ಲಿ ಆ ಊರಿನ ಶಾಸನಗಳ ಪುಟಗಳು ಇರಲಿ. ಸರಳ ಕನ್ನಡದ ಅರ್ಥ ಜೊತೆಗಿರಲಿ. ತಿಂಗಳಿಗೊಂದು ಭಾನುವಾರ ವಸ್ತುಸಂಗ್ರಹಾಲಯದವರು ಬಂದು ಮಕ್ಕಳ ಜೊತೆ ಕಲ್ಲಿನ ಹತ್ತಿರ ನಿಂತು ಓದಲಿ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಓಲೆಗರಿಗಳಿವೆ, ಹಿಂದೆ ಸಂಸ್ಕೃತ ಗ್ರಂಥ ಬರೆಯಲು ಬಳಸುತ್ತಿದ್ದ ತಿಗಳಾರಿ ಲಿಪಿಯವೂ ಇವೆ. ಮೂಲ ಅಲ್ಲೇ ಇರಲಿ, ಫೋಟೋ ಪ್ರತಿ ಸಾಗರದ ಗ್ರಂಥಾಲಯಕ್ಕೆ ಬಂದರೆ ಸಾಕು. ಬರೆದಿದ್ದು ಓದಿ ಅರ್ಥವಾದರೆ ಆ ಕಲ್ಲಿನ ಮೇಲೆ ಯಾರೂ ಬಟ್ಟೆ ಒಗೆಯುವುದಿಲ್ಲ. ಇದನ್ನು ನಾನು ಪೂರ್ತಿ ನಂಬಿದ್ದೇನೆ.

ವಿರೋಧ: ಗ್ರಂಥಾಲಯದ ಕೆಲಸ ಗ್ರಂಥಾಲಯಕ್ಕೇ ಇರಲಿ
(ಗ್ರಂಥಾಲಯದಲ್ಲಿ ಕೆಲಸ ಮಾಡಿದವರು, ತೀರ್ಥಹಳ್ಳಿ)

ವಿರೋಧದ ಕಡೆ ಬರೆಯಿರಿ ಅಂದರು, ಒಪ್ಪಿಕೊಂಡೆ. ಇದು ಬೇಡವೇ ಬೇಡ ಅನ್ನುವವಳಲ್ಲ ನಾನು. ಆದರೆ ಭಯ ಇದೆ.

ನಮ್ಮಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ನಾನಿದ್ದ ಕಡೆ ಒಂದು ಮಳೆಗಾಲ ಹಂಚು ಸರಿದು, ಎರಡು ಕಪಾಟಿನ ಪುಸ್ತಕ ನೆನೆದು ಬೂಷ್ಟು ಹಿಡಿದವು. ಒಂದೊಂದೇ ಪುಟ ಬಿಡಿಸಿ, ಒಲೆಯ ಹತ್ತಿರ ಒಣಗಿಸಿದೆ. ಅರ್ಧದಷ್ಟೂ ಉಳಿಯಲಿಲ್ಲ. ಪುಸ್ತಕದ ಗತಿಯೇ ಹೀಗಾದರೆ, ನಾಳೆ ಫೋಟೋ ಪ್ರತಿ ಸಾಲದು ಅಂತ ಕೆಳದಿಯ ಮೂಲ ಓಲೆಗರಿಗಳನ್ನೇ ತಂದು ಹಳ್ಳಿ ಕಪಾಟಿನಲ್ಲಿ ಇಟ್ಟರೆ ಏನಾಗಬೇಡ? ಮೇಷ್ಟ್ರಿಗೆ ಉತ್ಸಾಹ ಜಾಸ್ತಿ. ಕಾಯುವವರ ಕಷ್ಟ ಬೇರೆ.

ದುಡ್ಡಿನ ಮಾತೂ ಇದೆ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ನೂರು ರೂಪಾಯಿಗೆ 6 ರೂಪಾಯಿ ಗ್ರಂಥಾಲಯಕ್ಕೆಂದೇ ಕಟ್ಟುತ್ತೇವೆ. ಅದು ಪುಸ್ತಕದ ದುಡ್ಡು. ಪ್ರದರ್ಶನ, ಬ್ಯಾನರ್, ಉದ್ಘಾಟನೆಗೆ ಅದನ್ನು ಮುಟ್ಟಬಾರದು.

ಇನ್ನು ಅಲ್ಲಿ ಬರುವವರು ಯಾರು? ಎಫ್‌ಡಿಎ, ಪಿಎಸ್‌ಐ ಅಂತ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆಯೇ ಬುತ್ತಿ ಕಟ್ಟಿಕೊಂಡು ಬಂದು ಜಗಲಿಯಲ್ಲಿ ಕಾಯುತ್ತಿದ್ದರು. ಜಾಗ ಸಿಗದವರು ಗೋಡೆಗೊರಗಿ ನೆಲದ ಮೇಲೆ ಕೂತು ಓದುತ್ತಿದ್ದರು. ಭಾನುವಾರ ಅಲ್ಲಿ ಮಕ್ಕಳ ಕಾರ್ಯಕ್ರಮ ನಡೆದರೆ ಇವರು ಎಲ್ಲಿಗೆ ಹೋಗಬೇಕು? ಮೊದಲು ಇವರಿಗೆ ಕುರ್ಚಿ ಬರಲಿ, ಹಂಚು ಸರಿಯಾಗಲಿ. ಆಮೇಲೆ ಕರೆದರೆ ನಾನೂ ಬಂದು ವೀರಗಲ್ಲಿನ ಮುಂದೆ ಮಕ್ಕಳ ಜೊತೆ ಕೂರುತ್ತೇನೆ.